ಮಾವನ ಲ್ಯಾಪ್‌ಟಾಪಿನಲ್ಲಿ ಜಾಗ ಮಾಡಿದ್ದು: 1.9 ಜಿಬಿಯಿಂದ 148 ಜಿಬಿಗೆ

ಸಾಗರದಿಂದ ಸೋದರಮಾವ ಗುರುವಾರ ರಾತ್ರಿ ಫೋನ್ ಮಾಡಿದರು. "ತಮಾ, ಕಂಪ್ಯೂಟರ್ ತುಂಬಿ ಹೋಯ್ತು. ಕ್ಯಾಮೆರಾ ಕಾರ್ಡಿನಿಂದ ಒಂದು ವಿಡಿಯೋ ಕೂಡ ಇಳಿತಾ ಇಲ್ಲ. ಸುಮಾರು ಅಳಿಸಿದೆ, ಆದ್ರೂ ಜಾಗ ಆಗಲಿಲ್ಲ."

ಆ ಕೊನೆಯ ಮಾತು ಕೇಳಿ ನನಗೆ ಗಾಬರಿಯಾಯಿತು. ಮಾವ ಹದಿನೈದು ವರ್ಷಗಳಿಂದ ಸುತ್ತಮುತ್ತಲ ಯಕ್ಷಗಾನ, ತಾಳಮದ್ದಳೆಗಳನ್ನು ರೆಕಾರ್ಡ್ ಮಾಡುತ್ತಾ ಬಂದಿದ್ದಾರೆ. ಅದರಲ್ಲಿ ಕೆಲವು ಕಲಾವಿದರು ಈಗ ಇಲ್ಲ. ಆ ರಾತ್ರಿಯ ಆಟ ಬೇರೆ ಯಾರ ಹತ್ತಿರವೂ ಇರಲಿಕ್ಕಿಲ್ಲ. "ಮಾವ, ನಾನು ಬರೋವರೆಗೆ ಇನ್ನು ಏನೂ ಅಳಿಸಬೇಡಿ. ರೀಸೈಕಲ್ ಬಿನ್ ಅಂತೂ ಖಾಲಿ ಮಾಡ್ಲೇಬೇಡಿ" ಎಂದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ.

ಲ್ಯಾಪ್‌ಟಾಪ್ 2019ರದು. ಎಂಟನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 256 ಜಿಬಿಯ ಎಸ್‌ಎಸ್‌ಡಿ. ಸಿ ಡ್ರೈವ್ ಒಂದೇ ಇದೆ. ಅದರ ಗಾತ್ರ 237 ಜಿಬಿ ಎಂದು ತೋರಿಸುತ್ತದೆ. ಉಳಿದ 19 ಎಲ್ಲಿ ಹೋಯಿತು ಎಂದು ಮಾವ ಮೊದಲೇ ಕೇಳಿದರು. ಎಲ್ಲೂ ಹೋಗಿಲ್ಲ. ಡಿಸ್ಕ್ ಮಾಡುವವರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಅದನ್ನೇ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 256 ಇದ್ದದ್ದು 238 ಆಗಿ ಕಾಣುತ್ತದೆ. ಜೊತೆಗೆ ಬೂಟ್ ಮತ್ತು ರಿಕವರಿ ಭಾಗಗಳಿಗೆ ಚೂರು ಹೋಗುತ್ತದೆ.

ಖಾಲಿ ಇದ್ದದ್ದು 1.9 ಜಿಬಿ. ಮೌಸ್ ಒತ್ತಿದರೆ ಮೆನು ಬರಲು ಎರಡು ಕ್ಷಣ. ಎಸ್‌ಎಸ್‌ಡಿ ಪೂರ್ತಿ ತುಂಬಿದರೆ ಹೀಗಾಗುತ್ತದೆ. ಹೊಸದಾಗಿ ಬರೆಯಲು ಅದಕ್ಕೆ ಖಾಲಿ ಬ್ಲಾಕುಗಳು ಬೇಕು. ಇಲ್ಲದಿದ್ದರೆ ಇರುವುದನ್ನು ಅತ್ತ ಸರಿಸಿ, ಇತ್ತ ಅಳಿಸಿ, ಆಮೇಲೆ ಬರೆಯಬೇಕು.

ಮೊದಲು ನೋಡುವುದು

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಕುಳಿತೆ. ಮೊದಲ ಒಂದು ಗಂಟೆ ಏನನ್ನೂ ಅಳಿಸಲಿಲ್ಲ. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುವ ವಿಜ್‌ಟ್ರೀ ಎಂಬ ಪ್ರೋಗ್ರಾಂ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಇನ್‌ಸ್ಟಾಲ್ ಮಾಡದೆ ಓಡಿಸುವ ರೂಪವೂ ಅದಕ್ಕಿದೆ. ತುಂಬಿದ ಡಿಸ್ಕಿಗೆ ಇನ್ನೊಂದು ಪ್ರೋಗ್ರಾಂ ಹಾಕುವ ಪ್ರಮೇಯ ಬರಲಿಲ್ಲ. ವಿಂಡೋಸ್ ಎಲ್ಲ ಫೈಲುಗಳ ಹೆಸರು, ಗಾತ್ರ ಬರೆದಿಟ್ಟುಕೊಳ್ಳುವ ಒಂದು ಪಟ್ಟಿ ಡಿಸ್ಕಿನಲ್ಲೇ ಇರುತ್ತದೆ. ವಿಜ್‌ಟ್ರೀ ನೇರವಾಗಿ ಅದನ್ನೇ ಓದುತ್ತದೆ. ಒಂದೊಂದೇ ಫೋಲ್ಡರ್ ಹೊಕ್ಕು ಎಣಿಸುತ್ತಾ ಕೂರುವುದಿಲ್ಲ. ಕೆಲವೇ ಸೆಕೆಂಡಿನಲ್ಲಿ ಇಡೀ ಡ್ರೈವ್ ಕಣ್ಣೆದುರು ಬಂತು.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಟದ ವಿಡಿಯೋಗಳು 96 ಜಿಬಿ. ಫೋನಿನಿಂದ ತಂದ ಫೋಟೋಗಳು 27. ವಿಂಡೋಸ್ ಫೋಲ್ಡರ್ 26. ವಿಂಡೋಸ್ ಓಲ್ಡ್ ಎಂಬ ಇನ್ನೊಂದು ಫೋಲ್ಡರ್ 21. ಡೌನ್‌ಲೋಡ್ಸ್ 12. ವಾಟ್ಸಾಪ್ ಫೋಲ್ಡರಿನ ನಕಲು 11. ರೀಸೈಕಲ್ ಬಿನ್ 6. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಬರೆದೆ: ಹೋದರೆ ಮತ್ತೆ ಬರುತ್ತದೆಯೇ? ಬರುತ್ತದೆ ಎಂದಾದರೆ ಧೈರ್ಯವಾಗಿ ಅಳಿಸಬಹುದು. ಬರುವುದಿಲ್ಲ ಎಂದಾದರೆ ಎರಡು ನಕಲು ಆಗುವವರೆಗೆ ಮುಟ್ಟಬಾರದು. ಎರಡು ದಿನದ ಕೆಲಸ ಪೂರ್ತಿ ಈ ಪ್ರಶ್ನೆಯ ಮೇಲೆ ನಡೆಯಿತು.

"ಸುಮಾರು ಅಳಿಸಿದೆ" ಎಂದು ಮಾವ ಹೇಳಿದ್ದರಲ್ಲ, ಅದೆಲ್ಲ ರೀಸೈಕಲ್ ಬಿನ್ನಿನಲ್ಲೇ ಕೂತಿತ್ತು. ಅಲ್ಲಿಗೆ ಹೋದ ಫೈಲ್ ಡಿಸ್ಕಿನ ಜಾಗ ಬಿಟ್ಟುಕೊಡುವುದಿಲ್ಲ. ಖಾಲಿ ಮಾಡಿದ ಮೇಲಷ್ಟೇ ಜಾಗ ಸಿಗುವುದು. ಅವರು ಶಿಫ್ಟ್ ಒತ್ತಿ, ಬಿನ್ನಿಗೂ ಹೋಗದಂತೆ ಅಳಿಸಿರಲಿಲ್ಲ, ಅದು ಒಳ್ಳೆಯದೇ ಆಯಿತು. ಇಬ್ಬರೂ ಕೂತು ಒಂದೊಂದನ್ನೇ ನೋಡಿದೆವು. ಹಳೆಯ ತಾಳಮದ್ದಳೆಯ ಎರಡು ಆಡಿಯೋ ಫೈಲ್ ಅದರಲ್ಲಿದ್ದವು. ವಾಪಸ್ ಹಾಕಿ ಉಳಿದದ್ದನ್ನು ಖಾಲಿ ಮಾಡಿದೆವು. ಸುಮಾರು 6 ಜಿಬಿ ಬಂತು.

ಟೆಂಪ್ ಫೈಲ್, ಬ್ರೌಸರಿನ ಕ್ಯಾಶ್, ಅಪ್‌ಡೇಟ್ ಹಂಚಿಕೆಗೆಂದು ಉಳಿದಿದ್ದ ಫೈಲುಗಳು. ಇವೆಲ್ಲ ಬೇಕಾದಾಗ ಮತ್ತೆ ಹುಟ್ಟುವಂಥವು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್, ಅದರಲ್ಲಿ ಟೆಂಪರರಿ ಫೈಲ್ಸ್. ಕ್ಯಾಶ್ ಮಾತ್ರ ಬ್ರೌಸರಿನ ಒಳಗಿಂದಲೇ ಅಳಿಸಿದೆ, ಪಾಸ್‌ವರ್ಡ್ ಕಡೆಗೆ ಹೋಗಲಿಲ್ಲ. 3.5 ಜಿಬಿ. ಒಂದು ಎಚ್ಚರ ಇಲ್ಲಿ ಬೇಕು: ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರಿನ ಹೆಸರೂ ಇರುತ್ತದೆ. ಅವಸರದಲ್ಲಿ ಎಲ್ಲದಕ್ಕೂ ಟಿಕ್ ಹಾಕಿದರೆ ಅದೂ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಇಳಿಸಿಕೊಂಡ ಪಹಣಿ, ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲವನ್ನೂ ಅಲ್ಲೇ ಬಿಟ್ಟಿರುತ್ತಾರೆ ಅಲ್ವಾ?

ವಿಂಡೋಸ್ ಓಲ್ಡ್

ನಿಜವಾದ ಕಾರಣ ಇದೇ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮಾವ ಆರು ದಿನದ ಹಿಂದೆ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿಸಿದ್ದರು. ಅದಕ್ಕೆ ಮೊದಲು 25 ಜಿಬಿ ಖಾಲಿ ಇತ್ತಂತೆ. ಅಪ್‌ಗ್ರೇಡ್ ಆದಾಗ ಹಳೆಯ ವಿಂಡೋಸ್ ಹಾಗೇ ಒಂದು ಫೋಲ್ಡರಿನಲ್ಲಿ ಉಳಿಯುತ್ತದೆ. ಹೊಸದು ಹಿಡಿಸದಿದ್ದರೆ ಹತ್ತು ದಿನದೊಳಗೆ ಹಿಂದಕ್ಕೆ ಹೋಗಲು ಅದೇ ದಾರಿ. ಹತ್ತು ದಿನ ಕಳೆದ ಮೇಲೆ ವಿಂಡೋಸ್ ತಾನೇ ಅಳಿಸುತ್ತದೆ.

ಹಾಗಾದರೆ ನಾಲ್ಕು ದಿನ ಸುಮ್ನೆ ಕಾಯಬಹುದಿತ್ತು. ಆದರೆ ಭಾನುವಾರ ಪಕ್ಕದ ಊರಿನಲ್ಲಿ ಆಟ ಇತ್ತು. ಕ್ಯಾಮೆರಾ ಕಾರ್ಡ್ ಖಾಲಿ ಆಗಲೇಬೇಕಿತ್ತು. ಕೈಯಾರೆ ಅಳಿಸಿದರೆ ಹಿಂದಕ್ಕೆ ಹೋಗುವ ದಾರಿ ಮುಚ್ಚುತ್ತದೆ. ಅದಕ್ಕೇ ಮೊದಲು ಮಾವನ ಕೆಲಸಕ್ಕೆ ಬೇಕಾದ ಒಂದೊಂದನ್ನೂ ಹೊಸ ವಿಂಡೋಸಿನಲ್ಲಿ ಓಡಿಸಿ ನೋಡಿದೆವು. ಪ್ರಿಂಟರಿನಲ್ಲಿ ಒಂದು ಪುಟ ತೆಗೆದೆವು. ಸ್ಕ್ಯಾನರ್ ನಡೆಯಿತು. ಕಾರ್ಡ್ ರೀಡರ್ ಕಾಣಿಸಿತು. ಕೊನೆಗೆ ಕನ್ನಡ ಟೈಪ್ ಮಾಡುವ ನುಡಿ ಪ್ರೋಗ್ರಾಂ ತೆರೆದೆವು.

ನುಡಿಯ ಬಗ್ಗೆ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಪ್ರೋಗ್ರಾಂಗಳ ಪಟ್ಟಿಯಲ್ಲಿ ಹಳೆಯ ನುಡಿ ನೋಡಿದಾಗ ನನಗೂ ಮೊದಲು ಅನ್ನಿಸಿದ್ದು, ಇದನ್ನು ತೆಗೆದುಬಿಡೋಣ ಎಂದೇ. ಈಗ ವಿಂಡೋಸಿನಲ್ಲೇ ಕನ್ನಡ ಕೀಬೋರ್ಡ್ ಇದೆ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಇದೆ. ಆದರೆ ಮಾವನ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಪ್ರಸಂಗಗಳ ಟಿಪ್ಪಣಿ, ಕಲಾವಿದರ ಪರಿಚಯ, ಅರ್ಥಗಾರಿಕೆಯ ಮೇಲಿನ ಲೇಖನ, ಎಲ್ಲ ಹಳೆಯ ನುಡಿ ಫಾಂಟಿನಲ್ಲೇ ಇವೆ. ಆ ಕಾಲದ ಫೈಲಿನ ಒಳಗೆ ಕನ್ನಡ ಅಕ್ಷರ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅವನ್ನು ಕನ್ನಡವಾಗಿ ಕಾಣಿಸುವುದು ಆ ಫಾಂಟ್. ಫಾಂಟ್ ಹೋದರೆ ಫೈಲ್ ಹಾಳಾಗುವುದಿಲ್ಲ, ಆದರೆ ತೆರೆದವರಿಗೆ ಕಾಣುವುದು ಅರ್ಥವಿಲ್ಲದ ಕಲಸುಮೇಲೋಗರ. ಮುಂದೆ ಯಾರೋ ಅದನ್ನು ನೋಡಿ "ಕೆಟ್ಟ ಫೈಲ್" ಎಂದು ಅಳಿಸಿಬಿಡಬಹುದು. ನುಡಿ ಮತ್ತು ಅದರ ಫಾಂಟುಗಳು ಸೇರಿ ತಿನ್ನುವುದು ಕೆಲವು ಎಂಬಿ ಜಾಗ. ಅದನ್ನು ತೆಗೆದು ಗಳಿಸುವುದು ಏನೂ ಇಲ್ಲ.

ಹೊಸ ವಿಂಡೋಸಿನಲ್ಲಿ ನುಡಿ ತೆರೆಯಿತು, ಟೈಪ್ ಆಯಿತು, ಹಳೆಯ ಲೇಖನಗಳು ಕನ್ನಡವಾಗಿಯೇ ಕಂಡವು. ಫಾಂಟುಗಳ ಒಂದು ನಕಲನ್ನು ಲೇಖನಗಳ ಜೊತೆಗೇ ಇಟ್ಟೆ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ. ಆ ಕೆಲಸವನ್ನು ದೀಪಾವಳಿ ರಜೆಯಂಥ ಬಿಡುವಿನಲ್ಲಿ ಮಾಡಬೇಕು. ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿ ಬಂದಿದೆಯೇ ಎಂದು ಕಣ್ಣಿಟ್ಟು ಓದಬೇಕಾಗುತ್ತದೆ.

ವಿಂಡೋಸ್ ಓಲ್ಡ್ ಒಳಗಿನ ಯೂಸರ್ಸ್ ಫೋಲ್ಡರನ್ನೂ ಒಮ್ಮೆ ತೆರೆದು ನೋಡಿದೆ. ಮಾವನ ಫೈಲ್ ಯಾವುದೂ ಅಲ್ಲಿ ಉಳಿದಿರಲಿಲ್ಲ. ಆಮೇಲೆ ಟೆಂಪರರಿ ಫೈಲ್ಸ್ ಪಟ್ಟಿಯಲ್ಲೇ ಹಿಂದಿನ ವಿಂಡೋಸ್ ಎಂಬುದಕ್ಕೆ ಟಿಕ್ ಹಾಕಿ ಅಳಿಸಿದೆ. ಎಕ್ಸ್‌ಪ್ಲೋರರಿನಲ್ಲಿ ಡಿಲೀಟ್ ಒತ್ತಿದರೆ ಅನುಮತಿ ಇಲ್ಲ ಎನ್ನುತ್ತಾ ಅರ್ಧಕ್ಕೆ ನಿಲ್ಲುತ್ತದೆ. ಈ ದಾರಿಯೇ ಸರಿ. 21 ಜಿಬಿ ಒಟ್ಟಿಗೇ ಬಂತು. ಮಧ್ಯಾಹ್ನ ಊಟಕ್ಕೆ ಏಳುವಾಗ ಖಾಲಿ ಜಾಗ 32 ಜಿಬಿ ದಾಟಿತ್ತು.

ಮುಟ್ಟದೆ ಬಿಟ್ಟವು

ಹೈಬರ್‌ಫಿಲ್ ಎಂಬ ಅಡಗಿದ ಫೈಲ್ 3 ಜಿಬಿ ಹಿಡಿದಿತ್ತು. ವಿಂಡೋಸ್ ಸಾಮಾನ್ಯವಾಗಿ ರ‍್ಯಾಮಿನ ಶೇಕಡಾ 40ರಷ್ಟು ಜಾಗವನ್ನು ಇದಕ್ಕೆ ಇಡುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಒಂದೇ ಸಾಲು ಬರೆದು ಹೈಬರ್ನೇಟ್ ನಿಲ್ಲಿಸಿದರೆ ಈ ಫೈಲ್ ಮಾಯ. ಬೆಂಗಳೂರಿನ ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೇ ಮಾಡಿದ್ದೇನೆ. ಇಲ್ಲಿ ಮಾಡಲಿಲ್ಲ. ಮಾವನ ಬ್ಯಾಟರಿ ಹಳೆಯದು, ಅರ್ಧ ಗಂಟೆ ಬಂದರೆ ಹೆಚ್ಚು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮರುದಿನವೇ ಬರುವುದು. ಬ್ಯಾಟರಿ ಪೂರ್ತಿ ಇಳಿಯುವ ಮೊದಲು ವಿಂಡೋಸ್ ತೆರೆದಿರುವ ಕೆಲಸವನ್ನು ಈ ಫೈಲಿಗೇ ಬರೆದು ಮಲಗುತ್ತದೆ. ಮಲೆನಾಡಿನ ಮನೆಯಲ್ಲಿ ಆ 3 ಜಿಬಿ ಅದರ ಜಾಗದಲ್ಲೇ ಇರಲಿ.

ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಪೇಜ್‌ಫೈಲನ್ನೂ ಮುಟ್ಟಲಿಲ್ಲ. 8 ಜಿಬಿ ರ‍್ಯಾಮಿನಲ್ಲಿ ವಿಡಿಯೋ ಜೋಡಿಸುವವರಿಗೆ ಅದು ಬೇಕೇ ಬೇಕು. ಅಪ್‌ಡೇಟಿಗೆಂದು ವಿಂಡೋಸ್ ಕಾದಿರಿಸಿಕೊಳ್ಳುವ ಸುಮಾರು 7 ಜಿಬಿಯೂ ಹಾಗೇ ಇದೆ.

ವಿಂಡೋಸ್ ಫೋಲ್ಡರಿನ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬ ದೊಡ್ಡ ಫೋಲ್ಡರ್ ಕಾಣುತ್ತದೆ. ನೋಡಿದವರಿಗೆಲ್ಲ ಅದರ ಮೇಲೆ ಕಣ್ಣು. ಆದರೆ ಕಾಣುವಷ್ಟು ಅದು ದೊಡ್ಡದಲ್ಲ. ಅಲ್ಲಿರುವ ಎಷ್ಟೋ ಫೈಲುಗಳಿಗೆ ಎರಡು ಕಡೆ ಹೆಸರಿದೆ, ಇರುವುದು ಮಾತ್ರ ಒಂದೇ. ಒಂದೇ ಮನೆಗೆ ಎರಡು ಬಾಗಿಲಿದ್ದರೆ, ಬಾಗಿಲು ಎಣಿಸಿ ಎರಡು ಮನೆ ಎಂದ ಹಾಗೆ ಎಕ್ಸ್‌ಪ್ಲೋರರ್ ಲೆಕ್ಕ ಹಾಕುತ್ತದೆ. ಅದರೊಳಗೆ ಕೈಹಾಕಿ ಅಳಿಸಿದರೆ ವಿಂಡೋಸೇ ಏಳದೆ ಹೋಗಬಹುದು. ಡಿಸ್ಮ್ ಎಂಬ ವಿಂಡೋಸಿನದೇ ಸಲಕರಣೆ ಇದೆ. ಮೊದಲು ಅದರಿಂದ ವಿಶ್ಲೇಷಣೆ ಮಾಡಿಸಿದರೆ ನಿಜವಾದ ಗಾತ್ರ ಹೇಳುತ್ತದೆ, ಶುಚಿ ಮಾಡುವುದು ಒಳ್ಳೆಯದೋ ಅಲ್ಲವೋ ಎಂದೂ ಹೇಳುತ್ತದೆ. ಒಳ್ಳೆಯದು ಎಂದಿತು, ಮಾಡಿಸಿದೆ. 2 ಜಿಬಿ ಸಿಕ್ಕಿತು. ರೀಸೆಟ್‌ಬೇಸ್ ಎಂಬ ಇನ್ನೊಂದು ಆಯ್ಕೆ ಸೇರಿಸಿದರೆ ಇನ್ನಷ್ಟು ಸಿಗಬಹುದು. ಆದರೆ ಈಗಾಗಲೇ ಹಾಕಿದ ಅಪ್‌ಡೇಟನ್ನು ಆಮೇಲೆ ತೆಗೆಯಲು ಬರುವುದಿಲ್ಲ. ಅಪ್‌ಗ್ರೇಡ್ ಆಗಿ ಇನ್ನೂ ವಾರ ತುಂಬದ ಲ್ಯಾಪ್‌ಟಾಪಿಗೆ ಅದು ಬೇಡ ಎನ್ನಿಸಿತು.

ವಿಂಡೋಸ್ ಫೋಲ್ಡರಿನಲ್ಲೇ ಇರುವ ಇನ್‌ಸ್ಟಾಲರ್ ಎಂಬ ಅಡಗಿದ ಫೋಲ್ಡರ್ ಕೂಡ ಹಾಗೆಯೇ. ಅದನ್ನು ಅಳಿಸಿದರೆ ಆಮೇಲೆ ಪ್ರೋಗ್ರಾಂಗಳನ್ನು ರಿಪೇರಿ ಮಾಡಲೂ ಆಗದು, ತೆಗೆಯಲೂ ಆಗದು.

ಫೋಟೋ, ವಾಟ್ಸಾಪ್, ಡೌನ್‌ಲೋಡ್ಸ್

ಇಲ್ಲಿಂದ ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಇದು ಅವರು ಇಲ್ಲದೆ ಮಾಡುವ ಕೆಲಸವಲ್ಲ.

ಫೋನ್ ಬದಲಿಸಿದಾಗಲೆಲ್ಲ ಇಡೀ ಫೋನಿನ ಫೋಟೋಗಳನ್ನು ಹೊಸ ಫೋಲ್ಡರಿಗೆ ಹಾಕಿದ್ದರು. "ಮೊಬೈಲ್ ಫೋಟೋ", "ಮೊಬೈಲ್ ಫೋಟೋ ಹೊಸದು", "ಮೊಬೈಲ್ ಎಲ್ಲಾ". ಮೂರರಲ್ಲೂ ಮುಕ್ಕಾಲು ಪಾಲು ಅದೇ ಚಿತ್ರಗಳು. ಡ್ಯೂಪ್‌ಗುರು ಎಂಬ ಉಚಿತ ಪ್ರೋಗ್ರಾಂ ಬಳಸಿದೆ. ಹೆಸರು ನೋಡಿ ಹೋಲಿಸಬೇಡ, ಒಳಗಿನ ವಿಷಯ ನೋಡಿ ಹೋಲಿಸು ಎಂದು ಆಯ್ಕೆ ಮಾಡಿದೆ. ಒಂದು ಫೋಲ್ಡರನ್ನು ಮೂಲ ಎಂದು ಗುರುತಿಸಿದರೆ ಅದರಲ್ಲಿರುವುದನ್ನು ಅದು ಮುಟ್ಟುವುದಿಲ್ಲ. ಉಳಿದ ಎರಡರಲ್ಲಿದ್ದ ನಕಲುಗಳು ರೀಸೈಕಲ್ ಬಿನ್ನಿಗೆ ಹೋದವು. ಹದಿನೈದು ಇಪ್ಪತ್ತು ಚಿತ್ರ ತೆರೆದು ಪರೀಕ್ಷೆ ಮಾಡಿ, ಆಮೇಲೆ ಖಾಲಿ ಮಾಡಿದೆ. 15 ಜಿಬಿ. ಕ್ಯಾಮೆರಾದ ಮೂಲ ಚಿತ್ರ ಮತ್ತು ಅದೇ ಚಿತ್ರ ವಾಟ್ಸಾಪಿನಲ್ಲಿ ಹೋಗಿ ಬಂದದ್ದು ಕಣ್ಣಿಗೆ ಒಂದೇ ತರ ಕಂಡರೂ ಒಂದೇ ಅಲ್ಲ. ವಾಟ್ಸಾಪ್ ಕುಗ್ಗಿಸಿ ಕಳಿಸುತ್ತದೆ, ತೆಗೆದ ದಿನಾಂಕದ ವಿವರವೂ ಉಳಿಯುವುದಿಲ್ಲ. ಉಳಿಸಿಕೊಳ್ಳಬೇಕಾದದ್ದು ಮೂಲ.

ವಾಟ್ಸಾಪ್ ನಕಲಿನಲ್ಲಿ ಗಾತ್ರದ ಪ್ರಕಾರ ಜೋಡಿಸಿ, ದೊಡ್ಡದರಿಂದ ಶುರುಮಾಡಿದೆವು. ಶುಭೋದಯದ ಚಿತ್ರಗಳು ಲೆಕ್ಕದಲ್ಲಿ ಸಾವಿರಾರು, ತೂಕದಲ್ಲಿ ಕಡಿಮೆ. ಜಾಗ ತಿಂದದ್ದು ಫಾರ್ವರ್ಡ್ ವಿಡಿಯೋಗಳು. ಅವುಗಳನ್ನೇ ತೆಗೆದು 8 ಜಿಬಿ ಮಾಡಿದೆವು. ವಾಯ್ಸ್ ನೋಟ್ಸ್ ಫೋಲ್ಡರ್ ಬಂದಾಗ ಮಾವ ಕೈ ತಡೆದರು. "ಅದೊಂದು ಇರಲಿ ತಮಾ." ಅಜ್ಜಿ ಕಳಿಸಿದ್ದ ಧ್ವನಿ ಸಂದೇಶಗಳು ಅದರಲ್ಲಿದ್ದವು. ಅಜ್ಜಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ, ಹಾಗಾಗಿ ಎಲ್ಲವನ್ನೂ ಮಾತಾಡಿಯೇ ಕಳಿಸುತ್ತಿದ್ದರು. ಒಂದನ್ನು ಕೇಳಿದೆವು. ಹಲಸಿನಕಾಯಿ ಹಪ್ಪಳ ಒಣಗಿದೆ, ಬಂದು ತಗೊಂಡು ಹೋಗು ಎಂದಿದ್ದರು. ಇಡೀ ಫೋಲ್ಡರ್ 200 ಎಂಬಿಯೂ ಇಲ್ಲ. ವಿಡಿಯೋಗಳ ಜೊತೆ ಅದನ್ನೂ ನಕಲು ಮಾಡುವ ಪಟ್ಟಿಗೆ ಸೇರಿಸಿದೆ.

ಡೌನ್‌ಲೋಡ್ಸ್‌ನಲ್ಲಿ ಹಳೆಯ ಸೆಟಪ್ ಫೈಲುಗಳು, ಒಂದೇ ಪಿಡಿಎಫ್ ನಾಲ್ಕು ಬಾರಿ. 9 ಜಿಬಿ ಹೋಯಿತು. ಬೇಕಾದ ಕಾಗದಪತ್ರಗಳು ಡಾಕ್ಯುಮೆಂಟ್ಸ್‌ಗೆ ಬಂದವು.

ಆಟದ ವಿಡಿಯೋಗಳು

ಶನಿವಾರ ಸಂಜೆಗೆ 66 ಜಿಬಿ ಖಾಲಿ. ಇಲ್ಲಿಗೇ ನಿಲ್ಲಿಸಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಕತೆ. 96 ಜಿಬಿ ವಿಡಿಯೋ ಒಂದೇ ಎಸ್‌ಎಸ್‌ಡಿಯಲ್ಲಿ ಕೂತಿದೆ, ಬೇರೆಲ್ಲೂ ನಕಲಿಲ್ಲ ಎಂಬುದೇ ನನಗೆ ಜಾಗಕ್ಕಿಂತ ದೊಡ್ಡ ಚಿಂತೆಯಾಗಿತ್ತು. ಬೆಂಗಳೂರಿನಿಂದ 1 ಟಿಬಿಯ ಎರಡು ಹೊರಗಿನ ಹಾರ್ಡ್ ಡಿಸ್ಕ್ ತಂದಿದ್ದೆ. ಇತ್ತೀಚಿನ 14 ಜಿಬಿ ಲ್ಯಾಪ್‌ಟಾಪಿನಲ್ಲೇ ಇರಲಿ, ಉಳಿದ 82 ಜಿಬಿ, 61 ಫೈಲು, ಎರಡೂ ಡಿಸ್ಕಿಗೆ ಹೋಗಲಿ ಎಂದು ತೀರ್ಮಾನ ಮಾಡಿದೆವು.

ಒಂದು ಫೈಲನ್ನು ಮೊದಲು ಮಾವನ ಹಳೆಯ 32 ಜಿಬಿ ಪೆನ್‌ಡ್ರೈವಿಗೆ ಹಾಕಲು ನೋಡಿದೆ. 20 ಜಿಬಿ ಖಾಲಿ ಇದ್ದರೂ 5.6 ಜಿಬಿಯ ಫೈಲ್ ದೊಡ್ಡದಾಯಿತು ಎಂದು ನಿರಾಕರಿಸಿತು. ಆ ಪೆನ್‌ಡ್ರೈವಿನಲ್ಲಿ ಫೈಲುಗಳನ್ನು ಇಡುವುದು ಫ್ಯಾಟ್32 ಎಂಬ ಹಳೆಯ ಪದ್ಧತಿಯಲ್ಲಿ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ. ಮಾವನ ಕ್ಯಾಮೆರಾ ಒಂದು ರಾತ್ರಿಯ ಆಟವನ್ನು ತುಂಡು ತುಂಡಾಗಿ ಬರೆಯುವುದಕ್ಕೂ ಇದೇ ಕಾರಣ. ಪದ್ಯದ ಮಧ್ಯೆಯೇ ಫೈಲ್ ಮುಗಿದು ಮುಂದಿನದು ಶುರುವಾಗುತ್ತದೆ ಎಂದು ಅವರಿಗೆ ಯಾವಾಗಲೂ ಬೇಸರ. ಹೊಸ ಡಿಸ್ಕ್‌ಗಳನ್ನು ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಪದ್ಧತಿಗೆ ಮಾಡಿಕೊಂಡೆ, ಅಲ್ಲಿ ಈ ಮಿತಿಯ ತೊಂದರೆ ಇಲ್ಲ.

ಮೊದಲ ಡಿಸ್ಕ್ ಸಿಕ್ಕಿಸಿದಾಗ ವೇಗ ಸೆಕೆಂಡಿಗೆ 35 ಎಂಬಿ ಮಾತ್ರ. ಎಡಬದಿಯ ಹಳೆಯ ಪೋರ್ಟಿಗೆ ಹಾಕಿದ್ದೆ. ಬಲಬದಿಯ ನೀಲಿ ಬಣ್ಣದ ಪೋರ್ಟಿಗೆ ಬದಲಿಸಿದೆ, 100 ದಾಟಿತು. ಕಾಲು ಗಂಟೆಯ ಆಚೀಚೆ ಮುಗಿಯಿತು.

ಎರಡನೆಯದರಲ್ಲಿ ತೊಂದರೆ ಆಯಿತು. ಅತ್ತೆ ಕಾಫಿ ತಂದುಕೊಟ್ಟರು, ಲೋಟ ತೆಗೆದುಕೊಳ್ಳುವಾಗ ನನ್ನ ಕೈ ವೈರಿಗೆ ತಗುಲಿ ಡಿಸ್ಕ್ ಕಳಚಿತು. ಮತ್ತೆ ಸಿಕ್ಕಿಸಿ, ಈಗಾಗಲೇ ಇರುವ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ನಕಲು ಮಾಡು ಎಂದೆ. ಮುಗಿಯಿತು. ಎರಡೂ ಕಡೆ 61 ಫೈಲು. ಒಟ್ಟು ಗಾತ್ರ ಒಂದೇ. ಇಲ್ಲಿಗೆ ಎಲ್ಲ ಸರಿ ಎಂದು ಮೂಲ ಅಳಿಸುವವರೇ ಜಾಸ್ತಿ.

ನಾನು ಹ್ಯಾಶ್ ತೆಗೆಯದೆ ಅಳಿಸುವುದಿಲ್ಲ. ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆ ಇದೆ. ಅದು ಫೈಲಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಓದಿ, ಕೊನೆಗೆ 64 ಅಕ್ಷರದ ಒಂದು ಗುರುತು ಕೊಡುತ್ತದೆ, ಹ್ಯಾಶ್ ಎಂದರೆ ಅದೇ. ಒಳಗೆ ಒಂದೇ ಒಂದು ಬೈಟ್ ಬದಲಾದರೂ ಆ ಗುರುತು ಪೂರ್ತಿ ಬೇರೆ. ಮೂರೂ ಕಡೆ ತೆಗೆದು ಮೂರು ಟೆಕ್ಸ್ಟ್ ಫೈಲಿಗೆ ಬರೆಸಿದೆ. ರಾತ್ರಿ ಊಟದ ಹೊತ್ತಿಗೆ ಮುಗಿಯಿತು. ಮೊದಲ ಡಿಸ್ಕಿನ 61ಕ್ಕೆ 61 ಸರಿ. ಎರಡನೆಯದರಲ್ಲಿ 60. ಒಂದು ಹೊಂದಲಿಲ್ಲ.

ಕಳಚಿದಾಗ ನಕಲಾಗುತ್ತಿದ್ದ ಫೈಲೇ ಅದು. ನಕಲು ಶುರುವಾಗುವಾಗಲೇ ವಿಂಡೋಸ್ ಪೂರ್ತಿ ಗಾತ್ರದ ಜಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಅರ್ಧ ಮಾತ್ರ ಬರೆದಿದ್ದರೂ ಗಾತ್ರ ಪೂರ್ತಿ ಕಾಣುತ್ತಿತ್ತು. ಇರುವುದನ್ನು ಬಿಡು ಎಂದಾಗ ಅದನ್ನೂ ಬಿಟ್ಟಿತು. ತೆರೆದು ನೋಡಿದೆವು. ಒಡ್ಡೋಲಗದವರೆಗೆ ಚೆನ್ನಾಗಿ ಓಡಿ, ಆಮೇಲೆ ಚಿತ್ರ ನಿಂತೇಹೋಯಿತು. ಮಾವ ಹೇಳಿದ್ದು ಇಷ್ಟೇ: "ಆ ಭಾಗವತರು ಹೋಗಿ ಮೂರು ವರ್ಷ ಆಯ್ತು." ಆ ಫೈಲನ್ನು ಮತ್ತೆ ನಕಲು ಮಾಡಿ, ಮತ್ತೆ ಹ್ಯಾಶ್ ತೆಗೆದೆ. ಈ ಬಾರಿ ಹೊಂದಿತು.

ಲ್ಯಾಪ್‌ಟಾಪಿನಿಂದ 82 ಜಿಬಿ ಅಳಿಸಿದ್ದು ಭಾನುವಾರ ಬೆಳಿಗ್ಗೆ. ರಾತ್ರಿ ನಿದ್ದೆಗಣ್ಣಿನಲ್ಲಿ ಮಾಡುವ ಕೆಲಸ ಅದಲ್ಲ. ಅಳಿಸಿದ ಮೇಲೆ ಖಾಲಿ ಜಾಗ 148 ಜಿಬಿ. ಮೆನು ಈಗ ಒತ್ತಿದ ತಕ್ಷಣ ಬರುತ್ತದೆ.

ಕೊನೆಗೆ ಸ್ಟೋರೇಜ್ ಸೆನ್ಸ್ ಆನ್ ಮಾಡಿದೆ. ರೀಸೈಕಲ್ ಬಿನ್ನಿನಲ್ಲಿ 30 ದಿನ ದಾಟಿದ್ದು ತಾನೇ ಹೋಗುತ್ತದೆ. ಡೌನ್‌ಲೋಡ್ಸ್ ಎಂದಿಗೂ ಮುಟ್ಟಬೇಡ ಎಂದು ಇಟ್ಟೆ. ಡೆಸ್ಕ್‌ಟಾಪಿನಲ್ಲಿ "ಎರಡೂ ಡಿಸ್ಕಿಗೆ ಹೋಗಬೇಕಾದ್ದು" ಎಂಬ ಫೋಲ್ಡರ್ ಮಾಡಿದೆ. ಹೊಸ ಆಟಗಳೆಲ್ಲ ಮೊದಲು ಅಲ್ಲಿಗೆ ಬೀಳುತ್ತವೆ. ಹ್ಯಾಶ್ ತೆಗೆಯುವ ಸಾಲನ್ನು ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟೆ. ಮಾವ ಅದನ್ನು ನೋಡಿಕೊಂಡು ಒಂದು ಫೈಲಿಗೆ ತಾವೇ ಮಾಡಿ ತೋರಿಸಿದರು.

ಮಧ್ಯಾಹ್ನ ಕ್ಯಾಮೆರಾ ಕಾರ್ಡಿನ 22 ಜಿಬಿ ಇಳಿಸಿ, ಹ್ಯಾಶ್ ನೋಡಿ, ಕಾರ್ಡ್ ಖಾಲಿ ಮಾಡಿಕೊಂಡು ಅವರು ಆಟಕ್ಕೆ ಹೊರಟರು. ಒಂದು ಡಿಸ್ಕ್ ಅವರ ಕಪಾಟಿನಲ್ಲಿದೆ. ಇನ್ನೊಂದು ನನ್ನ ಬ್ಯಾಗಿನಲ್ಲಿದೆ, ಬೆಂಗಳೂರಿನ ನನ್ನ ಮನೆಯಲ್ಲಿ ಇರುತ್ತದೆ. ಮುಂದಿನ ಸಲ ಬರುವಾಗ ತಂದು ಹೊಸದನ್ನು ಸೇರಿಸಬೇಕು. ನುಡಿಯ ಲೇಖನಗಳ ಯೂನಿಕೋಡ್ ಕೆಲಸವೂ ಆಗಲೇ.